ದವಾಖಾನೆಯ ಆಚೆಗಿನ ವಿಜಯಪುರ

ನಮ್ಮ ಊರು ಬಬಲೇಶ್ವರ ತಾಲ್ಲೂಕಿನ ನಿಡೋಣಿ. ಇಲ್ಲಿಂದ ವಿಜಯಪುರ ನಗರಕ್ಕೆ ಬಸ್ಸಿನಲ್ಲಿ ಸುಮಾರು ಒಂದು ತಾಸಿನ ದಾರಿ. ದ್ರಾಕ್ಷಿ ಬೆಳೆಗಾರನಾದ ನನಗೆ ಆ ನಗರ ಮೂವತ್ತು ವರ್ಷಗಳಿಂದ ಹಳೆಯ ಗೆಳೆಯನಂತೆ. ಒಣದ್ರಾಕ್ಷಿಯ ಧಾರಣೆ ವಿಚಾರಿಸಲು, ಗೊಬ್ಬರ-ಔಷಧ ತರಲು, ಬ್ಯಾಂಕಿನ ಕಾಗದಪತ್ರಗಳಿಗೆಂದು ತಿಂಗಳಿಗೆ ಎರಡು ಮೂರು ಬಾರಿ ಹೋಗುವುದು ರೂಢಿ. ಕೆಲಸ ಮುಗಿದೊಡನೆ ಬಸ್ ನಿಲ್ದಾಣಕ್ಕೆ ಓಡುವವನು ನಾನಲ್ಲ. ಗಾಂಧಿ ಚೌಕದ ಗದ್ದಲದಲ್ಲಿ ಒಂದಿಷ್ಟು ಅಡ್ಡಾಡಬೇಕು, ಬಿಸಿ ಮಿರ್ಚಿ ಭಜಿಯೊಂದಿಗೆ ಚಹಾ ಕುಡಿಯಬೇಕು, ಶುಕ್ರವಾರವಾದರೆ ಜಾಮಿಯಾ ಮಸೀದಿಯ ವಿಶಾಲವಾದ ಕಮಾನುಗಳ ಕೆಳಗೆ ನಮಾಝ್ ನಿರ್ವಹಿಸಬೇಕು. ಹೊತ್ತು ಉಳಿದರೆ ಇಬ್ರಾಹೀಮ್ ರೋಜಾದ ಹುಲ್ಲುಹಾಸಿನ ಬದಿಯಲ್ಲಿ ಕುಳಿತು ಗಿಳಿಗಳ ಹಾರಾಟವನ್ನು ನೋಡಬೇಕು. ಊರಿಗೆ ಮರಳುವಾಗ ಕೈಯಲ್ಲಿ ಸಾಮಾನಿನ ಚೀಲ, ಮನಸ್ಸಿನಲ್ಲಿ ಒಂದು ಬಗೆಯ ಹಗುರತನ. ಇದನ್ನು ನಾನು ಅಲ್ಲಾಹನ ಅನುಗ್ರಹವೆಂದೇ ಎಣಿಸಿದ್ದೆ. ಆ ಅನುಗ್ರಹದಲ್ಲಿ ನನ್ನ ಮನೆಯವರಿಗೂ ಪಾಲಿದೆಯೆಂಬುದು ಮಾತ್ರ ಬಹುಕಾಲ ನನಗೆ ಹೊಳೆಯಲಿಲ್ಲ.

ಅದು ಹೊಳೆದದ್ದು ಎಂಟನೆಯ ತರಗತಿಯಲ್ಲಿ ಓದುತ್ತಿರುವ ಮಗಳಿಂದ. ಶಾಲೆಯಲ್ಲಿ ಐತಿಹಾಸಿಕ ಸ್ಥಳವೊಂದರ ಕುರಿತು ಪ್ರಬಂಧ ಬರೆಯಲು ಹೇಳಿದ್ದರು. ಶಾಲೆಯ ಪ್ರವಾಸದಲ್ಲಿ ಗೋಳಗುಮ್ಮಟ ನೋಡಿ ಬಂದಿದ್ದ ಅವಳು ರಾತ್ರಿ ಊಟದ ಹೊತ್ತಿಗೆ ತಾಯಿಯನ್ನು ಕೇಳಿದಳು:

"ಅಮ್ಮೀ, ನೀ ಗುಮ್ಮಟದ ಮ್ಯಾಲೆ ಹತ್ತಿದಾಗ ಏನಂತ ಕೂಗಿದ್ದಿ?"

ನನ್ನ ಪತ್ನಿ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ ಉತ್ತರಿಸಿದಳು: "ನಾ ಎಲ್ಲಿ ಹತ್ತೀನವ್ವಾ? ಬಸ್ಸಿನ ಖಿಡಕ್ಯಾಗಿಂದ ನೋಡೀನಿ. ನನಗ ಬಿಜಾಪುರ ಅಂದ್ರ ದವಾಖಾನಿ, ಅಷ್ಟ."

ಅವಳ ಮಾತಿನಲ್ಲಿ ಆಕ್ಷೇಪವಿರಲಿಲ್ಲ. ಹವೆಯ ಬಗ್ಗೆ ಹೇಳುವಂತೆ ಹೇಳಿದ್ದಳು. ಆದರೆ ನನ್ನ ಕೈಯ ತುತ್ತು ಕೈಯಲ್ಲಿಯೇ ಉಳಿಯಿತು. ಲೆಕ್ಕ ಹಾಕಿದೆ. ಮದುವೆಯಾಗಿ ಹತ್ತೊಂಬತ್ತು ವರ್ಷ. ಎರಡು ಹೆರಿಗೆ, ಮಗನ ಜ್ವರ, ಅವಳ ಮೊಳಕಾಲು ನೋವು, ನನ್ನ ತಾಯಿಯ ಕಾಯಿಲೆ. ಪ್ರತಿ ಸಲವೂ ಅವಳು ನಗರಕ್ಕೆ ಬಂದದ್ದು ಔಷಧದ ಚೀಟಿ ಹಿಡಿದುಕೊಂಡು. ಪ್ರತಿ ಸಲವೂ ಮರಳಿದ್ದು ಮುಂದಿನ ಬಸ್ಸಿಗೆ.

ಆ ರಾತ್ರಿ ನನಗೆ ತಾಯಿಯ ನೆನಪು ಬಂತು. ಅವರು ಕೊನೆಯ ದಿನಗಳನ್ನು ನಗರದ ಆಸ್ಪತ್ರೆಯೊಂದರ ಮೂರನೆಯ ಅಂತಸ್ತಿನಲ್ಲಿ ಕಳೆದರು. ಹಾಸಿಗೆಯ ಪಕ್ಕದ ಕಿಟಕಿಯಿಂದ ದೂರದಲ್ಲಿ ಗುಮ್ಮಟ ಕಾಣುತ್ತಿತ್ತು. ಒಂದು ಸಂಜೆ ಅವರು ಕೇಳಿದ್ದರು: "ಅದ ಏನಪಾ ಗುಮ್ಮಟ?" "ಹೌದಮ್ಮಾ, ಆರಾಮ ಆದ ಮ್ಯಾಲೆ ತೋರಿಸಿಕೊಂಡು ಬರ್ತೀನಿ" ಎಂದು ನಾನು ಮಾತು ಕೊಟ್ಟೆ. ಅವರು ಗುಣವಾಗಲಿಲ್ಲ. ಎಪ್ಪತ್ತು ವರ್ಷ ಅದರಿಂದ ಒಂದು ತಾಸಿನ ದೂರದಲ್ಲಿ ಬದುಕಿದವರು ಅದನ್ನು ಮೊದಲ ಬಾರಿಗೆ ಕಣ್ತುಂಬ ನೋಡಿದ್ದು ಆಸ್ಪತ್ರೆಯ ಕಿಟಕಿಯಿಂದ. ವಿಜಯಪುರದಲ್ಲಿ ಬಾರಾ ಕಮಾನ್ ಎಂಬ ಸ್ಮಾರಕವಿದೆ. ಎರಡನೆಯ ಅಲಿ ಆದಿಲ್ ಷಾನ ಗೋರಿಗಾಗಿ ಆರಂಭವಾದ ಅದರ ಕಟ್ಟಡ 1672ರಲ್ಲಿ ಅವನು ತೀರಿಕೊಂಡ ಬಳಿಕ ಪೂರ್ಣವಾಗಲೇ ಇಲ್ಲ. ಛಾವಣಿಯಿಲ್ಲದ ಕಮಾನುಗಳು ಇಂದಿಗೂ ಆಕಾಶ ನೋಡುತ್ತ ನಿಂತಿವೆ. ಸುಲ್ತಾನನ 'ನಾಳೆ'ಯೇ ಹಾಗೆ ಉಳಿಯುವುದಾದರೆ ನನ್ನ 'ನಾಳೆ'ಯ ಪಾಡೇನು?

ಮುಂದಿನ ಭಾನುವಾರ ನಾವು ಹೊರಟೆವು. "ಯಾರಿಗೆ ಆರಾಮಿಲ್ಲ?" ಎಂದು ಬಸ್ಸಿನಲ್ಲಿ ಪರಿಚಯದವರೊಬ್ಬರು ಕೇಳಿದರು. "ಎಲ್ಲಾರೂ ಆರಾಮದೀವಿ, ಸುಮ್ನ ಹೊಂಟೀವಿ" ಎಂದಳು ಪತ್ನಿ. ಆ 'ಸುಮ್ನೆ' ಎಂಬ ಪದವನ್ನು ಅವಳು ಉಚ್ಚರಿಸಿದ ಬಗೆಯಲ್ಲಿ ಸಂಕೋಚವೂ ಇತ್ತು, ಸಡಗರವೂ ಇತ್ತು.

ಗೋಳಗುಮ್ಮಟದ ಒಳಗೆ ಕಾಲಿಟ್ಟಾಗ ಅವಳು ಮೊದಲು ನೋಡಿದ್ದು ಮೇಲೆ. ಹೊರ ವ್ಯಾಸ ಸುಮಾರು 44 ಮೀಟರ್ ಇರುವ ಆ ಗುಮ್ಮಟದ ಕೆಳಗೆ ಆಸರೆಗೆ ಒಂದು ಕಂಬವೂ ಇಲ್ಲ. ಮುಹಮ್ಮದ್ ಆದಿಲ್ ಷಾ ತನ್ನ ಗೋರಿಯನ್ನು ತಾನು ಬದುಕಿರುವಾಗಲೇ ಕಟ್ಟಿಸತೊಡಗಿ, 1656ರಲ್ಲಿ ಇಲ್ಲಿಯೇ ಮಣ್ಣಾದನು. ನಡುವಿನ ಜಗತಿಯ ಮೇಲೆ ಅವನದೂ ಅವನ ಕುಟುಂಬದವರದೂ ಗೋರಿಗಳಿವೆ. ಇಷ್ಟು ದೊಡ್ಡ ಮಾಳಿಗೆಯ ಕೆಳಗೆ ಇಷ್ಟು ಚಿಕ್ಕ ಜಾಗ! ಪತ್ನಿ ತಲೆಯ ಮೇಲಿನ ಸೆರಗನ್ನು ಸರಿಪಡಿಸಿಕೊಂಡು ಮೌನವಾಗಿ ದುಆ ಮಾಡಿದಳು.

ಮೂಲೆಯ ಮಿನಾರದ ಕಿರಿದಾದ, ಕಡಿದಾದ ಮೆಟ್ಟಿಲುಗಳನ್ನು ಹತ್ತಲು ಅವಳ ಮೊಳಕಾಲು ಒಪ್ಪಲಿಲ್ಲ. ಅವಳು ಕೆಳಗೆ ಕುಳಿತಳು. ನಾನು, ಮಗಳು, ಮಗ ಮೇಲಿನ ಮೊಗಸಾಲೆಗೆ ಹೋದೆವು. ಇಲ್ಲಿ ಪಿಸುಗುಟ್ಟಿದರೆ ಎದುರು ಗೋಡೆಯವರಿಗೆ ಕೇಳುತ್ತದೆ, ಕೂಗಿದರೆ ಏಳು ಬಾರಿ ಮರುದನಿಸುತ್ತದೆ ಎಂಬುದು ಜನರ ಮಾತು. ಮಗಳು ಕಟಾಂಜನ ಹಿಡಿದು ಬಗ್ಗಿ, "ಅಮ್ಮೀ" ಎಂದು ಕರೆದಳು. ಆ ಒಂದು ಕರೆಯನ್ನು ಗುಮ್ಮಟವು ಕೈಯಿಂದ ಕೈಗೆ ದಾಟಿಸಿದಂತೆ ಮತ್ತೆ ಮತ್ತೆ ಕರೆಯಿತು. ಕೆಳಗೆ ಒಂದು ಚಿಕ್ಕ ಆಕೃತಿ ಎದ್ದು ನಿಂತು ಕೈ ಬೀಸಿತು. ನಾನು ಮೂವತ್ತು ವರ್ಷಗಳಲ್ಲಿ ಎಷ್ಟೋ ಸಲ ಅಲ್ಲಿ ನಿಂತಿದ್ದೇನೆ. ಅಂದು ಮಾತ್ರ ನನ್ನ ಕಣ್ಣು ಮಂಜಾಯಿತು. ನನ್ನ ತಾಯಿಯನ್ನು ಕರೆಯುವ ಧ್ವನಿ ನನ್ನಲ್ಲಿ ಇನ್ನೂ ಇತ್ತು. ಓಗೊಡುವವರು ಕೆಳಗೆ ಇರಲಿಲ್ಲ.

ಮಧ್ಯಾಹ್ನ ಒಂದು ಚಿಕ್ಕ ಹೋಟೆಲಿನಲ್ಲಿ ಉಂಡೆವು. ಮಕ್ಕಳು ಬಿರ್ಯಾನಿ ಕೇಳಿದರು. ಪತ್ನಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಸಾಕೆಂದಳು. "ದಿನಾ ಮನಿಯೊಳಗ ಇದನ್ನ ಉಣ್ತೀಯಲ್ಲ?" ಎಂದು ನಾನು ನಕ್ಕೆ. "ಉಣ್ತೀನ್ರಿ. ಆದ್ರ ಇದನ್ನ ನಾ ಬಡಿದಿಲ್ಲ" ಎಂದಳು. ಬೇರೊಬ್ಬರು ಬಡಿದ ಬಿಸಿ ರೊಟ್ಟಿ ತಟ್ಟೆಗೆ ಬಂದು ಬೀಳುವುದರಲ್ಲಿ ಇಂಥ ಸುಖವಿದೆಯೆಂದು, ಹುಟ್ಟಿದಾರಭ್ಯ ಬೇರೊಬ್ಬರು ಬಡಿದ ರೊಟ್ಟಿಯನ್ನೇ ಉಂಡ ನನಗೆ ಹೇಗೆ ತಿಳಿಯಬೇಕು?

ಅನಂತರ ಜಾಮಿಯಾ ಮಸೀದಿ. ಮೊದಲನೆಯ ಅಲಿ ಆದಿಲ್ ಷಾನ ಕಾಲದಲ್ಲಿ ಆರಂಭವಾದ ಮಸೀದಿಯಿದು. ಒಬ್ಬೊಬ್ಬ ನಮಾಝಿಗೆ ಒಂದೊಂದರಂತೆ ನೆಲದಲ್ಲಿ ಗುರುತಿಸಿದ 2,250 ಚೌಕಗಳು, ಬಣ್ಣ-ಬಂಗಾರದ ಕುಸುರಿಯ ಮಿಹ್ರಾಬ್, ಅಂಗಳದ ಹೌದು, ಸಾಲು ಸಾಲು ಕಮಾನುಗಳ ನೆರಳು. ಇವೆಲ್ಲವನ್ನೂ ನಾನು ಮನೆಯಲ್ಲಿ ಎಷ್ಟೋ ಬಾರಿ ವರ್ಣಿಸಿದ್ದೆ. ಅವಳು ಬಹಳ ಹೊತ್ತು ಸುಮ್ಮನೆ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು:

"ಇಷ್ಟ ಚಂದದ್ದನ್ನ ನೀವು ಒಬ್ರ ನೋಡಿ ಬರ್ತಿದ್ರೇನ್ರಿ?"

ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಮನೆಯವರ ಅನ್ನ, ಬಟ್ಟೆ, ಔಷಧಗಳಲ್ಲಿ ನಾನು ಕೊರತೆ ಮಾಡಿದವನಲ್ಲ. ಹಕ್ಕುಗಳೆಂದರೆ ಅಷ್ಟೇ ಎಂದು ತಿಳಿದಿದ್ದೆ. ಆದರೆ ಪ್ರವಾದಿವರ್ಯರ(ಸ) ಬದುಕು ಹೇಳುವುದು ಬೇರೆ. ಈದ್‌ನ ದಿನ ಮದೀನಾದ ಮಸೀದಿಯಲ್ಲಿ ಅಬಿಸೀನಿಯದವರು ಈಟಿ-ಗುರಾಣಿಗಳ ಆಟವಾಡುತ್ತಿದ್ದಾಗ, ಹಝ್ರತ್ ಆಯಿಶಾರಿಗೆ(ರ) ಅದನ್ನು ಕಾಣುವಂತೆ ಪ್ರವಾದಿವರ್ಯರು(ಸ) ಅವರನ್ನು ತಮ್ಮ ಹಿಂದೆ ನಿಲ್ಲಿಸಿಕೊಂಡು, ಅವರೇ ದಣಿದು ಸಾಕೆನ್ನುವವರೆಗೂ ನಿಂತಿದ್ದರು. ಒಂದು ಸಮುದಾಯದ ಸಮಸ್ತ ಹೊಣೆ ಹೊತ್ತವರಿಗೆ ಅದಕ್ಕೆ ಬಿಡುವಿತ್ತು. ಐದಾರು ಎಕರೆ ದ್ರಾಕ್ಷಿಯ ಹೊಣೆ ಹೊತ್ತ ನನಗೆ ಬಿಡುವಿರಲಿಲ್ಲ! ಹಗಲು ಉಪವಾಸ, ಇರುಳು ನಮಾಝ್ ಎಂದು ಪತ್ನಿಯನ್ನೇ ಮರೆತಿದ್ದ ಅಬುದ್ದರ್ದಾರಿಗೆ(ರ) ಸಲ್ಮಾನ್ ಫಾರಿಸಿಯವರು(ರ), ನಿನ್ನ ಪ್ರಭುವಿಗೂ ನಿನ್ನ ದೇಹಕ್ಕೂ ಇರುವಂತೆ ಮನೆಯವರಿಗೂ ನಿನ್ನ ಮೇಲೆ ಹಕ್ಕಿದೆಯೆಂದು ತಿಳಿಹೇಳಿದ ಪ್ರಸಂಗವನ್ನೂ ನಾವೆಲ್ಲ ಕೇಳಿದ್ದೇವೆ. ಪ್ರವಾದಿವರ್ಯರು(ಸ) ಸಲ್ಮಾನರ ಮಾತನ್ನು ಸತ್ಯವೆಂದರು. ಅಬುದ್ದರ್ದಾ(ರ) ಮರೆತದ್ದು ಆರಾಧನೆಯ ಗುಂಗಿನಲ್ಲಿ. ನಾನು ಮರೆತದ್ದು ಕೇವಲ ರೂಢಿಯಿಂದ.

'ತಿರುಗಾಟವೆಂದರೆ ದುಂದುವೆಚ್ಚವಲ್ಲವೇ?' ಎಂದು ಕೆಲವು ಹಿರಿಯರು ಕೇಳುತ್ತಾರೆ. ದುಂದು ನಿಷಿದ್ಧವೇ ಸರಿ. ಆದರೆ ಬಸ್ಸಿನ ಚೀಟಿ, ಸ್ಮಾರಕದ ಪ್ರವೇಶ ಶುಲ್ಕ, ಒಂದು ಹೊತ್ತಿನ ಸಾದಾ ಊಟ ದುಂದಾಗಲಾರವು. ಮದುವೆಯೊಂದರ ಮಂಟಪದ ಅಲಂಕಾರಕ್ಕೆ ನಾವು ಸುರಿಯುವ ಹಣದಲ್ಲಿ ಒಂದು ಕುಟುಂಬ ಹಲವು ವರ್ಷ ಹೀಗೆ ಸುತ್ತಬಹುದು. ಭೂಮಿಯಲ್ಲಿ ಸಂಚರಿಸಿ ಹಿಂದಿನವರ ಪರಿಣಾಮವನ್ನು ನೋಡಿರೆಂದು ಕುರ್‌ಆನ್ ಕರೆ ಕೊಡುತ್ತದೆ. ಆ ಕರೆ ಗಂಡಸರಿಗಷ್ಟೇ ಮೀಸಲೆಂದು ನಾನು ಎಲ್ಲಿಯೂ ಓದಿಲ್ಲ.

ಅಂದಿನಿಂದ ಎರಡು ತಿಂಗಳಿಗೊಮ್ಮೆಯಾದರೂ ನಮ್ಮ ಸಂಚಾರ ನಡೆದಿದೆ. ಇಬ್ರಾಹೀಮ್ ರೋಜಾದಲ್ಲಿ ಒಂದೇ ಜಗತಿಯ ಮೇಲೆ ಗೋರಿ ಮತ್ತು ಮಸೀದಿ ಎದುರುಬದುರಾಗಿ ನಿಂತಿವೆ. ಅದನ್ನು ಮೊದಲು ರಾಣಿ ತಾಜ್ ಸುಲ್ತಾನಾಳಿಗಾಗಿ ಕಟ್ಟಲಾಯಿತೆಂದೂ, ರಾಜನೇ ಮುಂಚೆ ತೀರಿಕೊಂಡನೆಂದೂ ಹೇಳಿದಾಗ ಪತ್ನಿ ಗೋಡೆಯ ಕೆತ್ತನೆಗಳನ್ನು ಮತ್ತೊಮ್ಮೆ ಸುತ್ತಿ ನೋಡಿದಳು. ಅದೇ ರಾಣಿಯ ಹೆಸರಿನ ತಾಜ್ ಬಾವಡಿಯ ಎತ್ತರದ ಕಮಾನಿನ ಕೆಳಗೆ ನಿಂತು, ಸುಲ್ತಾನರು ನೀರಿಗೆ ಕೊಟ್ಟ ಮರ್ಯಾದೆಯನ್ನು ಮಕ್ಕಳಿಗೆ ತೋರಿಸಿದೆ. ಮುಹಮ್ಮದ್ ಆದಿಲ್ ಷಾ 1651ರಲ್ಲಿ ಕಟ್ಟಿಸಿದ ಬೇಗಂ ತಾಲಾಬಿನ ದಂಡೆಯಲ್ಲಿ ಚುರಮುರಿ ತಿಂದೆವು. ಮಣ್ಣಿನ ಕೊಳವೆಗಳ ಮೂಲಕ ಅಲ್ಲಿಂದ ನಗರಕ್ಕೆ ನೀರು ಹರಿಯುತ್ತಿತ್ತೆಂದಾಗ ಮಗ ಕೊಳವೆ ಹುಡುಕಲು ಹೊರಟ! ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ಕಾಲಕ್ಕೆ ಸೇರುವ ಜಾನುವಾರು ಪೇಟೆಗೂ ಹೋದೆವು. ಬಾಲ್ಯದಲ್ಲಿ ಅಬ್ಬಾ ಅವರ ಬೆರಳು ಹಿಡಿದು ನಾನು ಎತ್ತುಗಳನ್ನು ನೋಡಿದ ಜಾಗವದು. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವುದರಲ್ಲಿ ಪತ್ನಿ ನನಗಿಂತ ಜಾಣೆಯೆಂದು ಅಲ್ಲಿಯೇ ತಿಳಿಯಿತು. ಬಸ್ಸು ಸಿಗದ ದಿನ ನಮ್ಮ ತಾಲ್ಲೂಕಿನ ಮಮದಾಪುರದ ಕೆರೆಯಾದರೂ ಆದೀತು. ಬರದ ನಾಡೆಂದು ಹೆಸರಾದ ನಮ್ಮ ಸೀಮೆಯಲ್ಲಿ ತುಂಬಿದ ಕೆರೆಯ ಮುಂದೆ ಕುಳಿತುಕೊಳ್ಳುವುದೇ ಒಂದು ಹಬ್ಬ.

ಕಳೆದ ವಾರ ಪತ್ನಿ ತಾನಾಗಿಯೇ ಮಾತು ತೆಗೆದಳು. "ಮುಂದಿನ ಸಲ ಬಾಜೂ ಮನಿ ಖಾಲಾನ್ನೂ ಕರಕೊಂಡು ಹೋಗೂಣ್ರಿ. ಅಕಿನೂ ಬಿಜಾಪುರದಾಗ ದವಾಖಾನಿ ಬಿಟ್ರ ಏನೂ ನೋಡಿಲ್ಲ." ಆ ವೃದ್ಧೆಗೆ ಗಂಡನಿಲ್ಲ, ಮಕ್ಕಳು ದೂರದ ಊರಲ್ಲಿದ್ದಾರೆ. ವಯಸ್ಸು ನನ್ನ ತಾಯಿ ತೀರಿಕೊಂಡಾಗಿನಷ್ಟೇ.

ಓದುಗ ಬಾಂಧವರೇ, ನಿಮ್ಮ ಮನೆಯಲ್ಲಿಯೂ ಒಮ್ಮೆ ವಿಚಾರಿಸಿ ನೋಡಿ. ನಿಮ್ಮ ತಾಯಿ, ಪತ್ನಿ, ಸೋದರಿಯರು ಹತ್ತಿರದ ನಗರದಲ್ಲಿ ಏನನ್ನು ನೋಡಿದ್ದಾರೆ? ಉತ್ತರ ನನಗೆ ಸಿಕ್ಕಂಥದ್ದೇ ಆದರೆ, ಅವರು ಆರೋಗ್ಯವಾಗಿರುವಾಗಲೇ ಒಂದು ದಿನ ಬಸ್ಸು ಹತ್ತಿಸಿ. 'ಆರಾಮ ಆದ ಮ್ಯಾಲೆ' ಎಂಬ ಮಾತನ್ನು ನಾನು ಒಮ್ಮೆ ಕೊಟ್ಟು ಉಳಿಸಿಕೊಳ್ಳಲಾಗಲಿಲ್ಲ. ಬರುವ ಭಾನುವಾರ ಖಾಲಾ ಅವರಿಗಾಗಿ ಕಿಟಕಿಯ ಬದಿಯ ಸೀಟು ಹಿಡಿಯಬೇಕಾಗಿದೆ. ಅಲ್ಲಾಹನು ಅವರಿಗೆ ಆಯುರಾರೋಗ್ಯ ಕರುಣಿಸಲಿ, ಆಮೀನ್.