ಬರೀ 12 ವೋಲ್ಟ್

ನಮ್ಮದು ತೀರ್ಥಹಳ್ಳಿ ಕಡೆಯ ತೋಟದ ಮನೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹರಿದರೆ ಕರೆಂಟ್ ಬರುವುದು ಮೂರು ದಿನಕ್ಕೋ ನಾಲ್ಕು ದಿನಕ್ಕೋ. ಹೋದ ವರ್ಷ ಅಂಥದೇ ಒಂದು ಸಂಜೆ ಏಳನೇ ಕ್ಲಾಸಿನ ಮಗ, ಕಾರಿನಿಂದ ಬಿಚ್ಚಿಟ್ಟಿದ್ದ ಬ್ಯಾಟರಿ ತೋರಿಸಿ, “ಅಮ್ಮಾ, ಇದಕ್ಕೆ ಎಲ್‌ಇಡಿ ಪಟ್ಟಿ ಹಾಕಲಾ?” ಅಂದ.

“ಹಾಕು. ಬರೀ 12 ವೋಲ್ಟ್, ಶಾಕ್ ಹೊಡೆಯಲ್ಲ” ಎಂದೆ. ಬಿಎಸ್ಸಿಯಲ್ಲಿ ಭೌತಶಾಸ್ತ್ರ ಓದಿದವಳು ನಾನು!

ಮನೆಯಲ್ಲಿದ್ದ ತೆಳ್ಳನೆಯ ವೈರಿನ ತುದಿಗಳನ್ನು ಅವನು ಮೊದಲು ಬ್ಯಾಟರಿಗೇ ಸುತ್ತಿದ. ಇನ್ನೆರಡು ತುದಿ ಕೈಯಲ್ಲಿ ಹಿಡಿದು ಪಟ್ಟಿಗೆ ಜೋಡಿಸಲು ಹೋದಾಗ ಅವು ಒಂದಕ್ಕೊಂದು ತಾಗಿದವು. ಫಟ್ ಎಂದು ಕಿಡಿ. ನೋಡನೋಡುತ್ತಲೇ ತಂತಿ ಕೆಂಪಾಗಿ, ಮೇಲಿನ ಪ್ಲಾಸ್ಟಿಕ್ ಕರಗಿ, ಪಕ್ಕದ ಗೋಣಿಚೀಲದ ಮೇಲೆ ಬಿತ್ತು. ಕೈಗೆ ಸಿಕ್ಕ ಮರದ ಮಣೆಯಿಂದ ವೈರನ್ನು ಬಡಿದು ಬ್ಯಾಟರಿಯಿಂದ ಬಿಡಿಸಿದೆ. ಮಗನ ಅಂಗೈಯಲ್ಲಿ ಸುಟ್ಟ ಗೆರೆ. ಬಚ್ಚಲಿನ ನಲ್ಲಿಯಡಿ ಇಪ್ಪತ್ತು ನಿಮಿಷ ಅವನ ಕೈ ಹಿಡಿದು ನಿಂತಾಗ ನಡುಗುತ್ತಿದ್ದದ್ದು ನನ್ನ ಕೈ.

ನಾನು ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಒಣ ಚರ್ಮದ ಮೂಲಕ ಹೆಚ್ಚು ವಿದ್ಯುತ್ ಹರಿಸಲು 12 ವೋಲ್ಟ್‌ಗೆ ಆಗುವುದಿಲ್ಲ. ಆದರೆ ತಾಮ್ರದ ತಂತಿ ಚರ್ಮವಲ್ಲವಲ್ಲ! ಪ್ಲಸ್ಸು ಮೈನಸ್ಸು ನೇರವಾಗಿ ತಾಗಿದರೆ ಕಾರಿನ ಬ್ಯಾಟರಿ ನೂರಾರು ಆಂಪಿಯರ್ ಹರಿಸಬಲ್ಲದು. ಮನೆಯ ಲೈನಿಗಾದರೆ ಎಂಸಿಬಿ ಇದೆ, ಟಕ್ಕೆಂದು ಬೀಳುತ್ತದೆ. ಈ ಬ್ಯಾಟರಿಗೆ ಏನಿತ್ತು?

ಪೇಟೆಯಲ್ಲಿ ಗಾಡಿಗಳ ವೈರಿಂಗ್ ಮಾಡುವ ಹಿರಿಯರೊಬ್ಬರಿದ್ದಾರೆ. ಮಗನನ್ನು ಕರೆದುಕೊಂಡು ಹೋದೆ. ಅವರು ಬೈಯಲಿಲ್ಲ. “ಪಟ್ಟಿ ಎಷ್ಟು ವ್ಯಾಟ್ ಮರೀ?” ಎಂದರು. 24. “12ರಿಂದ ಭಾಗಿಸು.” 2 ಆಂಪಿಯರ್. ಹಾಗಾದರೆ 3 ಆಂಪಿಯರ್ ಫ್ಯೂಸ್ ಸಾಕು. ವೈರ್ ಮಾತ್ರ ಫ್ಯೂಸಿಗಿಂತ ಹೆಚ್ಚು ತಡೆಯುವಂಥದ್ದಿರಬೇಕು, ವೈರಿಗಿಂತ ಮೊದಲು ಫ್ಯೂಸ್ ಸುಡಬೇಕು. ಅದನ್ನು ಪಟ್ಟಿಯ ಹತ್ತಿರ ಹಾಕೋಣ ಎಂದ ಮಗ. ಅವರು ನಕ್ಕು, “ದಾರಿಯಲ್ಲಿ ಇಲಿ ವೈರ್ ಕಡಿದರೆ?” ಎಂದರು. ಫ್ಯೂಸಿನಿಂದಾಚೆಗಷ್ಟೇ ಕಾವಲು. ಅದಕ್ಕೇ ಅದು ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ ಇರಬೇಕು.

ನಾನು ಒಯ್ದಿದ್ದ ಗೋಡೆಯ ಸ್ವಿಚ್ಚೂ ಬೇಡವಾಯಿತು. ಮನೆಯ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುತ್ತದೆ, ಸ್ವಿಚ್ ತೆಗೆದಾಗಿನ ಕಿಡಿ ಆಗ ಆರುತ್ತದೆ. ಡಿಸಿಗೆ ಆ ಬಿಡುವೇ ಇಲ್ಲ. ಡಿಸಿಗೆಂದೇ ಮಾಡಿದ ಸ್ವಿಚ್ ಕೊಟ್ಟರು. ಪ್ಲಸ್ಸು ಮೈನಸ್ಸು ತಿರುಗುಮುರುಗಾದರೆ ಎಲ್‌ಇಡಿ ಪಟ್ಟಿ ಹತ್ತುವುದಿಲ್ಲ ಅಷ್ಟೆ, ಆದರೆ ರೌಟರಿನಂಥವು ಸುಟ್ಟೇ ಹೋಗಬಹುದಂತೆ. ಕೆಂಪು ವೈರ್ ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ. ಎಲ್ಲ ಜೋಡಿಸಿಯಾದ ಮೇಲೆ ಕೊನೆಗೆ ಬ್ಯಾಟರಿ; ಬಿಚ್ಚುವಾಗ ಮೊದಲು ಬ್ಯಾಟರಿ.

ಹೊರಡುವಾಗ ನನ್ನ ಕೈ ನೋಡಿ, “ಅಮ್ಮಾ, ಬ್ಯಾಟರಿ ಮುಟ್ಟುವಾಗ ಆ ಬಳೆ ತೆಗೆದಿಡಿ. ಚಿನ್ನವೂ ತಂತಿಯೇ” ಎಂದರು.

ಈ ಆಷಾಢದಲ್ಲಿ ಮತ್ತೆ ಕರೆಂಟ್ ಹೋಯಿತು. ಮಗ ಎಲ್ಲ ಜೋಡಿಸಿ, ಎರಡೆರಡು ಸಲ ನೋಡಿದ. ನಾನು ಟಾರ್ಚ್ ಹಿಡಿದು ಬಗ್ಗಿದೆ. ಅವನ ಕೈ ಅಲ್ಲೇ ನಿಂತಿತು.

“ಅಮ್ಮಾ, ಬಳೆ!”