ಅಳದವನ ವಿಚಾರಣೆ

1942ರಲ್ಲಿ ಪ್ರಕಟವಾದ ಅಲ್ಬೇರ್ ಕಾಮೂನ ಫ್ರೆಂಚ್ ಕಾದಂಬರಿಯ ಹೆಸರು ‘ಲೆತ್ರಾಂಜೆ’. ಎಂದರೆ ಪರಕೀಯ, ಹೊರಗಿನವ. ಕಥಾನಾಯಕ ಮರ್ಸೊ ಅಲ್ಜಿಯರ್ಸ್ ನಗರದ ಒಬ್ಬ ಗುಮಾಸ್ತ. ತಾಯಿಯ ಅಂತ್ಯಸಂಸ್ಕಾರದಲ್ಲಿ ಅವನು ಅಳಲಿಲ್ಲ. ಶವದ ಬಳಿ ಕಾಫಿ ಕುಡಿದ, ಸಿಗರೇಟು ಸೇದಿದ, ಮರುದಿನ ಸಿನಿಮಾ ನೋಡಿದ. ಮುಂದೆ ಕಡಲ ದಂಡೆಯಲ್ಲಿ ಒಬ್ಬ ಅರಬನನ್ನು ಗುಂಡಿಕ್ಕಿ ಕೊಂದ. ನ್ಯಾಯಾಲಯದಲ್ಲಿ ಹಾರಿದ ಗುಂಡಿಗಿಂತ ಸುರಿಯದ ಕಣ್ಣೀರಿನ ಚರ್ಚೆಯೇ ದೊಡ್ಡದಾಯಿತು. ಅವನಿಗೆ ಮರಣದಂಡನೆ ವಿಧಿಸಲಾಯಿತು.

ಈ ದೇಶದ ಕಾಯಿದೆ ಇಂಥ ವಾದಕ್ಕೆ ಸುಲಭವಾಗಿ ಎಡೆಗೊಡುವುದಿಲ್ಲ. ಆರೋಪಿಯು ತನ್ನ ಸಚ್ಚಾರಿತ್ರ್ಯದ ಸಾಕ್ಷ್ಯವನ್ನು ತಾನೇ ಮುಂದಿಟ್ಟ ಹೊರತು ಅವನ ದುಶ್ಚಾರಿತ್ರ್ಯ ಅಪ್ರಸ್ತುತವೆಂದು 1872ರ ಸಾಕ್ಷ್ಯ ಅಧಿನಿಯಮದ 54ನೆಯ ಕಲಮು ಹೇಳಿತ್ತು. ಅದರ ಸ್ಥಾನಕ್ಕೆ ಬಂದ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಆ ತತ್ತ್ವ ಉಳಿದಿದೆ. ವಿಚಾರಣೆ ಕೃತ್ಯದ್ದು, ಸ್ವಭಾವದ್ದಲ್ಲ. ಆದರೆ ನ್ಯಾಯಾಲಯದ ಹೊರಗೆ, ಕಟ್ಟೆಯ ಮೇಲೆ, ಕ್ಯಾಂಟೀನಿನಲ್ಲಿ, ಯಾವ ಸಾಕ್ಷ್ಯ ಕಾಯಿದೆಯೂ ಜಾರಿಯಲ್ಲಿಲ್ಲ.

ಸೋಲಾಪುರ–ಪುಣೆ ಹೆದ್ದಾರಿಯ ಚಿಂಚೋಳಿ ಎಂಐಡಿಸಿಯಲ್ಲಿ ಅಕ್ಕಲಕೋಟೆ ಸೀಮೆಯಿಂದ ಬಂದು ದುಡಿಯುವ ಕನ್ನಡಿಗರಿದ್ದಾರೆ. ಅಂಥ ಒಬ್ಬ ಯಂತ್ರಚಾಲಕ ತಾಯಿಯ ಮಣ್ಣು ಮುಗಿಸಿ ಐದನೆಯ ದಿನಕ್ಕೆ ಪಾಳಿಗೆ ಹಾಜರಾದ. ಜೊತೆಗಾರರು ಸಾಂತ್ವನ ಹೇಳಿದರು. ಅವನು ಮರಾಠಿಯಲ್ಲಿ ಎರಡು ಮಾತಾಡಿ ಯಂತ್ರ ಚಾಲೂ ಮಾಡಿದ. ಕಲ್ಲು ಮನಸ್ಸಿನವನೆಂಬ ತೀರ್ಪು ಊಟದ ಹೊತ್ತಿಗೆ ಹೊರಬಿದ್ದಿತ್ತು. ರಜೆ ಮುಗಿದಿದೆ, ಸಂಬಳ ಮುರಿದರೆ ಮನೆ ನಡೆಯದು ಎಂಬುದು ತೀರ್ಪುಗಾರರಿಗೂ ಗೊತ್ತಿತ್ತು. ಗೊತ್ತಿರದಿದ್ದುದು ಬೇರೆ. ಅವನ ಊರಿನಲ್ಲಿ ಸತ್ತವರ ಗುಣಗಳನ್ನು ಒಂದೊಂದಾಗಿ ಆಡಿಕೊಂಡು ಅಳುತ್ತಾರೆ. ಆ ಮಾತೆಲ್ಲ ಕನ್ನಡದವು. ಮರಾಠಿ ಅವನಿಗೆ ದುಡಿಮೆಯ, ಲೆಕ್ಕದ, ಬಸ್ಸಿನ ಭಾಷೆ. ಬೇರಿಂಗ್ ಕೆಟ್ಟದ್ದನ್ನು ಅದರಲ್ಲಿ ಹೇಳಬಲ್ಲ. ಅವ್ವ ಹೋದದ್ದನ್ನು ಹೇಳಲಾರ.

ಹಾಗೆಂದು ಎಲ್ಲ ಮೌನವನ್ನೂ ಭಾಷೆಯ ತಲೆಗೆ ಕಟ್ಟಲಾಗದು. ಸ್ವಂತ ಮಾತಿನಲ್ಲಿಯೂ ದುಃಖವನ್ನು ಹೊರಗೆಡಹದ ಜನರಿದ್ದಾರೆ. ಕಾಮೂನ ಬದುಕಿನಲ್ಲೇ ಇದರ ನಿದರ್ಶನವಿದೆ. 1914ರ ಯುದ್ಧದಲ್ಲಿ ತಂದೆ ಸತ್ತಾಗ ಅವನಿನ್ನೂ ಒಂದು ವರ್ಷ ತುಂಬದ ಕೂಸು. ಕಿವಿ ಮಂದವಾಗಿದ್ದ, ಮಾತು ತೀರ ಕಡಿಮೆಯಿದ್ದ, ಅಕ್ಷರ ಬಾರದ ತಾಯಿ ಪರರ ಮನೆಗಳಲ್ಲಿ ಕಸಮುಸುರೆ ಮಾಡಿ ಮಕ್ಕಳನ್ನು ಸಾಕಿದಳು. 1960ರಲ್ಲಿ ಅವನು ತೀರಿಕೊಂಡಾಗ ಅಪೂರ್ಣವಾಗಿ ಉಳಿದ ಕಾದಂಬರಿಯನ್ನು, ಅದನ್ನು ಎಂದೂ ಓದಲಾರದ ಆ ತಾಯಿಗೇ ಅರ್ಪಿಸಿದ್ದ. ಮೌನದ ಮನೆಯಲ್ಲಿ ಬೆಳೆದವನಿಗೆ, ಮೌನವೆಂದರೆ ಪ್ರೀತಿಯ ಅಭಾವವಲ್ಲವೆಂದು ಯಾರೂ ಕಲಿಸಬೇಕಾಗಿರಲಿಲ್ಲ.

ಕನ್ನಡದಲ್ಲಿ ಯಶವಂತ ಚಿತ್ತಾಲರ ‘ಶಿಕಾರಿ’ (1979) ಇದೇ ನೆಲೆಯನ್ನು ಮುಂಬಯಿಯ ಉದ್ಯಮ ಜಗತ್ತಿನಲ್ಲಿ ಶೋಧಿಸಿತು. ಹನೇಹಳ್ಳಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ವೃತ್ತಿಜೀವನ ನಡೆಸಿದ ಚಿತ್ತಾಲರು, ಕಂಪನಿಯ ಸಂಶಯಕ್ಕೆ ಗುರಿಯಾದ ನಾಗಪ್ಪನ ಒಂಟಿತನವನ್ನು ಒಳಗಿನಿಂದ ಬಲ್ಲವರಾಗಿದ್ದರು.

ಸೋಲಾಪುರದ ನೆಲಕ್ಕೆ ಇನ್ನೂ ಹಳೆಯ ಸ್ಮೃತಿಯೊಂದಿದೆ. 12ನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನ ಬಳಿಗೆ ಅಲ್ಲಮಪ್ರಭು ಬಂದು, ಕೆಲಸದೊಳಗೆ ಅಡಗಿದ್ದ ‘ನಾನು ಮಾಡಿದೆ’ ಎಂಬ ಭಾವವನ್ನು ಕೆಣಕಿದನೆಂದು ಶೂನ್ಯಸಂಪಾದನೆ ಹೇಳುತ್ತದೆ. ಇಬ್ಬರೂ ವಿರಕ್ತರೇ, ಆದರೆ ಆ ವಿರಕ್ತಿಗೆ ಪರರ ಬಾಯಾರಿಕೆಯ ಅರಿವಿತ್ತು. ‘ಉದಾಸೀನ’ ಎಂಬ ಪದಕ್ಕೆ ಸಂಸ್ಕೃತದಲ್ಲಿ ಪಕ್ಷ ವಹಿಸದೆ ದೂರ ಕುಳಿತವನೆಂದು ಅರ್ಥ. ಕನ್ನಡದಲ್ಲಿ ಅದು ಅಲಕ್ಷ್ಯವಾಗಿದೆ. ನಿರ್ಲಿಪ್ತನನ್ನೂ ನಿಷ್ಕರುಣಿಯನ್ನೂ ಒಂದೇ ಎಂದು ಬಗೆಯುವ ರೂಢಿ ಆ ಪದದಲ್ಲೇ ಸೇರಿಕೊಂಡಿದೆ.

ಕಾಮೂನ ಕಾದಂಬರಿಯಲ್ಲಿ ನಿಜವಾದ ಹೊರಗಿನವನು ಮರ್ಸೊ ಅಲ್ಲವೆಂದು ಹೇಳಿದವರಿದ್ದಾರೆ. ಸತ್ತ ಅರಬನಿಗೆ ಅಲ್ಲಿ ಹೆಸರೇ ಇಲ್ಲ. 2013ರಲ್ಲಿ ಅಲ್ಜೀರಿಯಾದ ಲೇಖಕ ಕಾಮೆಲ್ ದಾವೂದ್ ಆತನಿಗೆ ಮೂಸಾ ಎಂದು ಹೆಸರಿಟ್ಟು, ಅವನ ತಮ್ಮನ ಬಾಯಿಂದ ಕಥೆಯನ್ನು ಮತ್ತೆ ಹೇಳಿಸಿದ. ಮರ್ಸೊಗೆ ನ್ಯಾಯಾಲಯದ ಭಾಷೆಯಾದರೂ ತನ್ನದಾಗಿತ್ತು; ಮಾತಾಡದಿರುವುದು ಅವನ ಆಯ್ಕೆ. ಮೂಸಾನಿಗೆ ಆ ಆಯ್ಕೆಯೂ ಇರಲಿಲ್ಲ.

ಗಡಿಭಾಗದ ತಂದೆತಾಯಿಗಳು ಮನಸ್ಸಿಗೆ ತಂದುಕೊಳ್ಳಬೇಕಾದ ವ್ಯತ್ಯಾಸ ಇದು. ಕನ್ನಡ ಶಾಲೆಯಲ್ಲಿ ಕೈಯೆತ್ತಿ ಉತ್ತರಿಸುತ್ತಿದ್ದ ಮಗು ಸೋಲಾಪುರದ ಮರಾಠಿ ಕಾಲೇಜಿನ ಹಿಂದಿನ ಬೆಂಚಿನಲ್ಲಿ ಮೂಕವಾದಾಗ, ಮಂಕು, ಗರ್ವಿ, ಯಾರಿಗೂ ಹಚ್ಚಿಕೊಳ್ಳದ್ದು ಎಂಬ ಷರಾ ಬೇಗನೆ ಬೀಳುತ್ತದೆ. ವರ್ಷ ಕಳೆದಂತೆ ಮಗುವೇ ಅದನ್ನು ನಂಬತೊಡಗುತ್ತದೆ. ಅದು ಸ್ವಭಾವತಃ ಮಿತಭಾಷಿಯಾಗಿದ್ದರೆ ಹಾಗೆಯೇ ಇರಲಿ. ಬಲವಂತದ ನಗೆಯೂ ಅಳುವೂ ಯಾರಿಗೂ ಬೇಡ. ಮಾತು ಸಿಗದೆ ಸುಮ್ಮನಿದ್ದರೆ ಮಾತ್ರ ಮನೆಯಲ್ಲಿ ಯಾರಾದರೊಬ್ಬರು ಸಂಜೆ ಪಕ್ಕದಲ್ಲಿ ಕುಳಿತು, ಇಂದು ಏನಾಯಿತೆಂದು ಕನ್ನಡದಲ್ಲಿ ಕೇಳಬೇಕು. ಉತ್ತರ ಬರುವವರೆಗೆ ಕಾಯಬೇಕು.