ಬಚ್ಚಲು ಕಟ್ಟಿ ನೋಡು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದರೇ ಹೊರತು ಬಚ್ಚಲು ಕಟ್ಟಿ ನೋಡು ಎಂದು ಯಾರೂ ಹೇಳಲಿಲ್ಲ. ಹೇಳಬೇಕಾದಷ್ಟು ದೊಡ್ಡ ಸಾಹಸವೆಂದು ಅವರಿಗೆ ತೋರಿರಲಾರದು. ಬಸವನಗುಡಿಯ ರಾಯರಿಗೂ ಮೊದಲು ಹಾಗೆಯೇ ತೋರಿತ್ತು. ೩೬ ವರ್ಷ ಬ್ಯಾಂಕಿನಲ್ಲಿ ಕುಳಿತು, ಪರರ ಹಣವನ್ನು ಕಾಸೂ ತಪ್ಪದಂತೆ ಎಣಿಸಿ, ೨೦೨೨ರಲ್ಲಿ ನಿವೃತ್ತರಾದ ಮನುಷ್ಯನಿಗೆ ೭ ಅಡಿ ಉದ್ದ, ೫ ಅಡಿ ಅಗಲದ ಒಂದು ಕೊಠಡಿ ಯಾವ ಮಹಾಕಾರ್ಯ? ಅದರಲ್ಲಿಯೂ ನಾಲ್ಕು ಗೋಡೆಗಳಲ್ಲಿ ಒಂದು ಆಗಲೇ ಎದ್ದು ನಿಂತಿತ್ತು.

ಎದ್ದು ನಿಂತಿದ್ದ ಗೋಡೆ ಅವರ ತಾತನ ಕಾಲದ್ದು. ಮಾಗಡಿಯ ಕಡೆ, ಬಾಗಿಲಲ್ಲಿ ನಿಂತರೆ ಸಾವನದುರ್ಗದ ಬೋಳು ಬಂಡೆ ಕಾಣುವಂಥ ಹಳ್ಳಿಯೊಂದರಲ್ಲಿ ರಾಯರ ಹಿರಿಯರ ಮನೆ. ಹಜಾರ, ಅಡಿಗೆಮನೆ, ಕೊಟ್ಟಿಗೆಗಳೆಲ್ಲ ಬಿದ್ದುಹೋಗಿ, ಮಣ್ಣುಗಾರೆಯ ಕಲ್ಲುಗೋಡೆಯ ಎರಡು ಅಂಕಣ ಮಾತ್ರ ಉಳಿದಿತ್ತು. ಅದಕ್ಕೆ ಹೆಂಚು ಕೈಯಾಡಿಸಿ, ಸುಣ್ಣ ಬಳಿದು, ರಾಯರೂ ಅವರ ಪತ್ನಿಯೂ ಶನಿವಾರ ಅಲ್ಲಿಗೆ ಹೋಗಿ ಭಾನುವಾರ ಸಂಜೆ ಅವರೆಕಾಯಿಯ ಚೀಲದೊಡನೆ ಮರಳುವುದು ವಾಡಿಕೆಯಾಯಿತು. ಪತ್ನಿಗೆ ಶಾಲೆಯ ಉಪಾಧ್ಯಾಯಿನಿಯ ಕೆಲಸ ಇನ್ನೂ ಎರಡು ವರ್ಷ ಉಳಿದಿದ್ದುದರಿಂದ ವಾರದ ನಡುವೆ ಹೊರಡುವಂತಿರಲಿಲ್ಲ.

ಮಾಡು ಇತ್ತು, ಒಲೆ ಇತ್ತು, ೨೦೨೨ರ ಮಹಾಮಳೆಗೆ ಕೆರೆ ಕೋಡಿ ಬಿದ್ದಮೇಲೆ ಎಷ್ಟೋ ವರ್ಷಗಳಿಂದ ಬತ್ತಿದ್ದ ಬಾವಿಯಲ್ಲಿ ನೀರೂ ಇತ್ತು. ಬಚ್ಚಲೊಂದು ಇರಲಿಲ್ಲ. ಕಕ್ಕಸಂತೂ ಆ ಮನೆಯಲ್ಲಿ ಎಂದೂ ಇದ್ದುದೇ ಇಲ್ಲ. ರಾಯರ ಪತ್ನಿ ಬೇಲಿಯ ಮರೆಯಲ್ಲಿ ಗೋಣಿತಟ್ಟು ಕಟ್ಟಿ ಒಂದು ವರ್ಷ ಸೈರಿಸಿದರು. ಆಮೇಲೆ ಒಂದು ದಿನ, "ಮುಂದಿನ ಶನಿವಾರದಿಂದ ನೀವೊಬ್ಬರೇ ಹೋಗಿ ಬನ್ನಿ," ಎಂದರು. ರಾಯರ ತಾಯಿ ಅದಕ್ಕೂ ಮೊದಲಿನಿಂದಲೇ ಬರುತ್ತಿರಲಿಲ್ಲ. ೧೯೬೧ರಲ್ಲಿ, ೧೮ ವರ್ಷದ ಮದುಮಗಳಾಗಿ, ಆ ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಒದ್ದು ಒಳಗೆ ಬಂದಾಕೆ. ಊರಿನ ಸುದ್ದಿಯನ್ನೆಲ್ಲ ಕೆದಕಿ ಕೆದಕಿ ಕೇಳುವರು. ಹೊರಡೋಣವೇ ಎಂದರೆ ಮಾತ್ರ, "ಮಂಡಿ ಕೇಳುವುದಿಲ್ಲಪ್ಪ, ನೀವು ಹೋಗಿ ಬನ್ನಿ," ಎಂದು ಮೊಮ್ಮಗಳ ಜೊತೆ ಮನೆಯಲ್ಲಿಯೇ ಉಳಿಯುವರು.

ರಾಯರು ಬಚ್ಚಲಿನ ಸಂಕಲ್ಪ ಮಾಡಿದ್ದು ಹೀಗೆ. ಆದರೆ ಇಷ್ಟು ಸಣ್ಣ ಕೆಲಸಕ್ಕೆ ಯಾವ ಮೇಸ್ತ್ರಿ ಬರುತ್ತಾನೆ? ಬೆಂಗಳೂರಿನ ಮಹಡಿಗಳು ಆ ಸೀಮೆಯ ಕೈಗಳನ್ನೆಲ್ಲ ಸೆಳೆದುಕೊಂಡಿವೆ. ಒಬ್ಬಾತ ಬಂದು ಅಳತೆ ಮಾಡಿ, ಮುಂಗಡ ಪಡೆದು, ಮರಳಿ ಮುಖ ತೋರಿಸಲಿಲ್ಲ. ಕಡೆಗೆ ರಾಯರೇ ಗುದ್ದಲಿ, ಹಾರೆ, ಬಾಣಲಿ, ಕರಣೆಗಳನ್ನು ಕೊಂಡರು. ಒಂದು ನೋಟ್ ಪುಸ್ತಕದಲ್ಲಿ ನಕ್ಷೆ ಬರೆದರು. ಅದರಲ್ಲಿ ನೀಲಿ ಹೊಳಪಿನ ಬಿಲ್ಲೆಗಳಿದ್ದವು, ಕ್ಷೌರಕ್ಕೆ ದೊಡ್ಡದೊಂದು ಕನ್ನಡಿಯಿತ್ತು, ಮೇಲಿನಿಂದ ಬಿಸಿನೀರು ಸುರಿಯುವ ಷವರ್ ಇತ್ತು. ಆ ನಕ್ಷೆ ಯಾರ ಸುಖಕ್ಕಾಗಿ ಹುಟ್ಟಿದ್ದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೀಪಾವಳಿ ಕಳೆದ ಮೊದಲನೆಯ ಶನಿವಾರ ರಾಯರು ಕಕ್ಕಸಿನ ಗುಂಡಿ ತೋಡಲು ನಿಂತರು. ಮನೆಗೂ ಬಾವಿಗೂ ನಡುವೆ ನೆಲ ಮೆದುವಾಗಿತ್ತು. ಸುಲಭವಾಗಿ ಅಗೆಯಬಹುದೆಂದು ಅಲ್ಲಿಯೇ ಆರಂಭಿಸಿದರು. ಎರಡು ವಾರದಲ್ಲಿ ಅಂಗೈಯಲ್ಲಿ ಬೊಬ್ಬೆಯೆದ್ದು, ಗುಂಡಿ ಸೊಂಟದ ಮಟ್ಟಕ್ಕೆ ಬಂದಿತು. ಆಗ ಕೊಡ ಹಿಡಿದು ಬಂದವಳು ಪಕ್ಕದ ಮನೆಯ ಗೌಡತಿ. ಎಂಬತ್ತರ ಮುದುಕಿ, ರಾಯರನ್ನು ಎತ್ತಿ ಆಡಿಸಿದವಳು. ರಾಯರಿಗೆ ಅರವತ್ತು ತುಂಬಿದ್ದರೂ ಆಕೆಯ ಪಾಲಿಗೆ ಅವರು ಇನ್ನೂ ಸಣ್ಣಯ್ಯನವರೇ.

"ಏನ್ ಸಣ್ಣಯ್ನೋರೆ, ಇಲ್ಲಿ ಯಾರ್ನ ಹೂಳ್ಬೇಕು ಅಂತ ಅಗೀತಿದ್ದೀರಾ?"

"ಕಕ್ಕಸಿನ ಗುಂಡಿ, ದೊಡ್ಡವ್ವ."

ಗೌಡತಿ ಕೊಡವನ್ನು ಕೆಳಗಿಟ್ಟಳು. "ಬಾವಿ ಎಷ್ಟ್ ಮಾರು ದೂರ ಐತೆ, ಅಳ್ದು ನೋಡಿದ್ರಾ? ಆ ನೀರ ನನ್ ಮರಿಮಕ್ಳು ಕುಡೀತವೆ. ಮೇಲ್ಕಡೆ ಹೊಲಸು ಮಡಗಿ ಕೆಳ್ಕಡೆ ನೀರ್ ಸೇದೋಕಾಯ್ತದಾ? ಬ್ಯಾಂಕ್ನಾಗೆ ಇದ್ನೇ ಕಲಿಸಿದ್ರಾ?"

ಅಳೆದು ನೋಡಿದರೆ ೨೦ ಅಡಿ. ಅಂದು ರಾತ್ರಿ ರಾಯರು ಮಾಡಬೇಕಾಗಿದ್ದ ವ್ಯಾಸಂಗವನ್ನು ತಡವಾಗಿ ಮಾಡಿದರು. ಗುಂಡಿಯ ತಳವು ಮಳೆಗಾಲದ ನೀರಿನ ಮಟ್ಟಕ್ಕಿಂತ ೨ ಮೀಟರಾದರೂ ಮೇಲಿರಬೇಕು. ಹಾಗಿದ್ದರೂ ಬಾವಿಯಿಂದ ೧೦ ಮೀಟರಿಗೆ ಕಡಿಮೆಯಿಲ್ಲದಷ್ಟು ದೂರವಿರಬೇಕು. ನೀರು ಇನ್ನೂ ಮೇಲಿದ್ದರೆ ದೂರವೂ ಹೆಚ್ಚಬೇಕು. ಆ ವರ್ಷ ಬಾವಿಯ ನೀರು ೧೨ ಅಡಿಯಲ್ಲಿಯೇ ತುಳುಕುತ್ತಿತ್ತು. ಎರಡು ವಾರದ ಬೆವರನ್ನು ಮೂರನೆಯ ವಾರ ಮುಚ್ಚಿ, ಮನೆಯ ಆಚೆ ಮಗ್ಗುಲಿಗೆ, ಇಳಿಜಾರಿನ ಕೆಳಗೆ, ಬಾವಿಯಿಂದ ೬೦ ಅಡಿ ದೂರದಲ್ಲಿ ಮತ್ತೆ ಅಗೆಯಲು ತೊಡಗಿದರು. ಅಲ್ಲಿನ ನೆಲ ಮೆದುವಾಗಿರಲಿಲ್ಲ.

ಈ ಸಲ ಒಂದಲ್ಲ, ಎರಡು ಗುಂಡಿ. ೧೯೭೦ರಲ್ಲಿ ಬಿಹಾರದಲ್ಲಿ ಸುಲಭ ಸಂಸ್ಥೆಯನ್ನು ಸ್ಥಾಪಿಸಿದ ಬಿಂದೇಶ್ವರ ಪಾಠಕರು ಊರೂರಿಗೆ ಹಬ್ಬಿಸಿದ ಏರ್ಪಾಡು ಅದು. ಮಲ ಹೊರುವ ಹೀನವೃತ್ತಿಯಿಂದ ಮನುಷ್ಯರನ್ನು ಬಿಡಿಸುವುದೇ ಅದರ ಗುರಿ. ಒಂದು ಗುಂಡಿ ತುಂಬಿದರೆ ಹಾದಿಯನ್ನು ಎರಡನೆಯದಕ್ಕೆ ತಿರುಗಿಸುವುದು. ಮುಚ್ಚಿಟ್ಟ ಗುಂಡಿಯಲ್ಲಿದ್ದುದು ಎರಡು ವರ್ಷದಲ್ಲಿ ವಾಸನೆಯಿಲ್ಲದ ಕರಿಮಣ್ಣಾಗಿ, ತೋಟಕ್ಕೆ ಗೊಬ್ಬರವಾಗುತ್ತದೆ. ಗೋಡೆಯ ಕಲ್ಲುಗಳ ನಡುವೆ ಸಂದು ಬಿಡಬೇಕು, ತಳಕ್ಕೆ ಮಣ್ಣಲ್ಲದೆ ಬೇರೇನೂ ಇರಬಾರದು. ನೀರು ಇಂಗುವುದು ಅಲ್ಲಿಯೇ. ಪಟ್ಟಣದವರ ಬುದ್ಧಿ ಮೊದಲು ಓಡುವುದು ಸಿಮೆಂಟಿನ ಕಡೆಗೆ. ರಾಯರೂ ತಳಕ್ಕೆ ಹಾಸಲೆಂದು ಒಂದು ಮೂಟೆಯನ್ನು ಬೇರೆಯಾಗಿಯೇ ತಂದಿಟ್ಟಿದ್ದರು. ಹಾಸಿದ್ದರೆ ಗುಂಡಿ ಹೋಗಿ ತೊಟ್ಟಿಯಾಗುತ್ತಿತ್ತು. ಮೀಯುವ ನೀರನ್ನೂ ಈ ಗುಂಡಿಗೆ ಬಿಡಬಾರದು. ಅದರ ಸ್ಥಾನ ಹಿಂದಿನಿಂದಲೂ ಬಾಳೆಯ ಬುಡ.

ಎರಡನೆಯ ಗುಂಡಿಯ ಕಲ್ಲು ಕಟ್ಟುತ್ತಿದ್ದಾಗ ಗೌಡತಿ ಮತ್ತೆ ಬಂದು ದಿಬ್ಬದ ಮೇಲೆ ಕುಳಿತಳು. ಈಗ ಆಕೆಯ ಧ್ವನಿಯಲ್ಲಿ ಜಗಳವಿರಲಿಲ್ಲ.

"ನಿಮ್ಮವ್ವ ಇನ್ನೂ ಬರಾಕಿಲ್ವಾ?"

"ಮಂಡಿನೋವು, ದೊಡ್ಡವ್ವ."

"ಮಂಡಿಯಂತೆ ಮಂಡಿ! ನಾವಿಬ್ರೂ ಒಂದೇ ವರ್ಸ ಈ ಊರ್ಗೆ ಸೊಸೇರಾಗಿ ಬಂದೋರು. ನಿಮ್ ಮನೆ ಬಾಗ್ಲಿಗೆ ನಾವು ಬರಂಗಿರ್ಲಿಲ್ಲ, ನಿಮ್ಮವ್ವ ನಮ್ ಜಗ್ಲಿ ಹತ್ತಂಗಿರ್ಲಿಲ್ಲ. ಆದ್ರೂವೆ ಕೋಳಿ ಕೂಗೋಕ್ ಮುಂಚೆ ಆ ಕತ್ತಾಳೆ ಬೇಲಿತಾವ ಇಬ್ರೂ ಜೊತೆ. ನಾನು ಹೋದ್ರೆ ಅವ್ರು ಕಾವ್ಲು, ಅವ್ರು ಹೋದ್ರೆ ನಾನು ಕಾವ್ಲು. ಒತ್ತಾರೆ ತಪ್ತು ಅಂದ್ರೆ ಮತ್ತೆ ಕತ್ಲಾಗೋಗಂಟ ಇಲ್ಲ. ಅದ್ಕೇ ನಿಮ್ಮವ್ವ ಮಧ್ಯಾನ್ದ ಉಂಡ್ಮ್ಯಾಕೆ ನೀರು ಮುಟ್ತಿರ್ಲಿಲ್ಲ. ನೀವ್ ಹೊಟ್ಟೇಲಿದ್ದಾಗ್ಲೂವೆ."

ರಾಯರ ಕೈಯಲ್ಲಿದ್ದ ಕಲ್ಲು ಕೈಯಲ್ಲಿಯೇ ಉಳಿಯಿತು. ಮಧ್ಯಾಹ್ನದ ಊಟದ ತರುವಾಯ ತಾಯಿ ನೀರು ಕುಡಿಯುವುದಿಲ್ಲವೆಂಬುದು ಮನೆಮಂದಿಗೆಲ್ಲ ಗೊತ್ತಿದ್ದ ಸಂಗತಿ. ಅದೊಂದು ವ್ರತವೆಂದು ರಾಯರು ಹುಡುಗುತನದಲ್ಲಿ ನಂಬಿದ್ದರು. ೧೯೭೪ರಲ್ಲಿ ಸಂಸಾರ ಬೆಂಗಳೂರಿಗೆ ಬಂದು, ಮನೆಯೊಳಗೇ ಎಲ್ಲ ಅನುಕೂಲವಾದ ಮೇಲೆಯೂ ಅದು ಬಿಡಲಿಲ್ಲ. ಮೂತ್ರದ ತೊಂದರೆಯಿಂದ ಎರಡು ಸಲ ಆಸ್ಪತ್ರೆ ಸೇರಿದಾಗ ಡಾಕ್ಟರು ನೀರು ಕುಡಿಯಿರೆಂದು ಗದರಿಸಿದ್ದರು. "ಈ ವಯಸ್ಸಿನಲ್ಲಿ ಎಂಥ ವ್ರತ ನಿನ್ನದು?" ಎಂದು ರಾಯರೂ ಸಿಡುಕಿದ್ದರು. ಆಕೆ ಮಾತ್ರ ಏನೂ ಹೇಳಿರಲಿಲ್ಲ. ಗಂಡುಮಕ್ಕಳಿಗೆ ಹೇಳುವ ಮಾತಲ್ಲ ಅದು.

ಮರುದಿನ ನೋಟ್ ಪುಸ್ತಕದ ನಕ್ಷೆ ಬದಲಾಯಿತು. ನೀಲಿ ಬಿಲ್ಲೆಗಳು ಅಂಗಡಿಗೆ ಹಿಂದಿರುಗಿದವು. ನೀರು ಬಿದ್ದರೆ ಅವು ಜಾರುತ್ತವೆ. ಅವುಗಳ ಬದಲಿಗೆ ಆ ಸೀಮೆಯದೇ ಒರಟು ಕಲ್ಲುಚಪ್ಪಡಿ. ಹಳ್ಳಿಗಳಲ್ಲಿ ಕೂಡಿಸುವ ಬೇಸಿನ್ನಿಗೆ ಒಂದೂವರೆ ಎರಡು ಲೀಟರು ನೀರು ಸಾಕು, ಕಮೋಡಿಗೆ ಅರ್ಧ ಬಕೆಟ್ಟಾದರೂ ಬೇಕು. ಆದರೂ ಬಾಗದ ಮಂಡಿಗಾಗಿ ಕಮೋಡೇ ಆಗಲೆಂದು ನಿಶ್ಚಯವಾಯಿತು. ಹಿಡಿದು ಏಳುವುದಕ್ಕೆ ಗೋಡೆಗೊಂದು ಕಬ್ಬಿಣದ ಕಂಬಿ. ಅದರ ಎತ್ತರವನ್ನು ಗೊತ್ತುಮಾಡಲು ರಾಯರು, ಯಾವುದೋ ನೆಪ ತೆಗೆದು ತಾಯಿಯನ್ನು ಬಾಗಿಲ ಬಳಿ ನಿಲ್ಲಿಸಿ, ಆಕೆಯ ಮೊಣಕೈಯ ಮಟ್ಟಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡರು. ಬಾಗಿಲು ಹೊರಕ್ಕೆ ತೆರೆಯಬೇಕು. ಒಳಗೆ ಬಿದ್ದವರು ಬಾಗಿಲಿಗೇ ಅಡ್ಡವಾದರೆ, ಒಳಕ್ಕೆ ತೆರೆಯುವ ಬಾಗಿಲನ್ನು ನೂಕುವಂತಿಲ್ಲ. ಇದೇ ಭಯದಿಂದ ಚಿಲಕವೇ ಬೇಡವೆಂದು ರಾಯರ ಹಟ. "ಚಿಲಕವಿಲ್ಲದ ಬಚ್ಚಲಿಗೆ ಯಾವ ಹೆಂಗಸು ಹೋದಾಳು?" ಎಂದರು ಪತ್ನಿ. ಒಳಗಿನಿಂದ ಹಾಕಿದರೂ ಹೊರಗಿನಿಂದ ಕಾಸಿನ ಅಂಚಿನಲ್ಲಿ ತಿರುಗಿಸಿ ತೆಗೆಯಬಹುದಾದ ಚಿಲಕವೊಂದನ್ನು ಅವರೇ ಚಿಕ್ಕಪೇಟೆಯಲ್ಲಿ ಹುಡುಕಿ ತಂದರು.

ಗೋಡೆಯ ಕೆಲಸಕ್ಕೆ ಗುರುವೊಬ್ಬ ದೊರಕಿದ. ಊರಿನ ಮುದುಕ ಗಾರೆಯವನು. ಕಣ್ಣು ಮಂದವಾಗಿ ಕರಣೆ ಬಿಟ್ಟಿದ್ದ. ಬೀಡಿ ಹಚ್ಚಿ ಕುಳಿತು ಪಾಠ ಹೇಳುವನು. ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು. ಇಟ್ಟಿಗೆಯನ್ನು ನೆನೆಸದೆ ಇಡಬೇಡಿ, ಗಾರೆಯ ನೀರನ್ನೆಲ್ಲ ಅದು ಹೀರಿಬಿಡುತ್ತದೆ. ಹೊಸ ಗೋಡೆಯನ್ನು ಹಳೆಯ ಗೋಡೆಗೆ ಕಚ್ಚಿಸಬೇಡಿ, ಹೊಸ ಪಾಯ ಕುಸಿದು ಕೂಡುವಾಗ ಹಳೆಯದನ್ನೂ ಸೀಳುತ್ತದೆ. ರಾಯರು ಇದೆಲ್ಲವನ್ನೂ ಲೆಡ್ಜರಿನಂತೆ ಬರೆದುಕೊಂಡರು. ಆರುನೂರು ಇಟ್ಟಿಗೆ ಸಂಕ್ರಾಂತಿಯಿಂದ ಯುಗಾದಿಯವರೆಗೆ ಒಂದೊಂದಾಗಿ ಏರಿದವು. ಒಂದು ಮೂಲೆ ಇಂದಿಗೂ ಅರ್ಧ ಅಂಗುಲ ಹೊರಕ್ಕೆ ವಾಲಿದೆ.

ನೆಲ ಹಾಸುವ ದಿನ ಮಾತ್ರ ಗುರು ಯಾವುದೋ ಮದುವೆಗೆ ಹೋಗಿದ್ದ. ರಾಯರು ಹೊಸ ರಸಮಟ್ಟವನ್ನು ಚಪ್ಪಡಿ ಚಪ್ಪಡಿಗೂ ಇಟ್ಟು, ಗುಳ್ಳೆ ನಟ್ಟನಡುವೆ ನಿಲ್ಲುವ ತನಕ ಬಡಿದು ಕೂಡಿಸಿದರು. ಕನ್ನಡಿಯಂಥ ನೆಲ! ವಾರ ಬಿಟ್ಟು ಬಂದು, ಪತ್ನಿಯನ್ನು ಕರೆದು ಸಾಕ್ಷಿಯಾಗಿ ನಿಲ್ಲಿಸಿ, ಒಂದು ಕೊಡ ನೀರು ಸುರಿದರು. ನೀರು ಎತ್ತ ಹೋಗಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ನಿಂತಿತು. ಬಳಿಕ ಸದ್ದಿಲ್ಲದೆ ಬಾಗಿಲಿನ ಕಡೆಗೆ ತಿರುಗಿ, ಹೊಸ್ತಿಲು ದಾಟಿ, ಒಳಗಿನ ಅಂಕಣವನ್ನು ಹೊಕ್ಕು, ಸುತ್ತಿಟ್ಟಿದ್ದ ಹಾಸಿಗೆಯನ್ನೂ ರಾಗಿಹಿಟ್ಟಿನ ಚೀಲವನ್ನೂ ತಬ್ಬಿಕೊಂಡಿತು. ಪತ್ನಿ ನಕ್ಕರೋ ಬೈದರೋ ಎಂಬುದರಲ್ಲಿ ಇಂದಿಗೂ ಅಭಿಪ್ರಾಯಭೇದವಿದೆ.

ಗುರು ಬಂದು ನೋಡಿ, ಬೀಡಿಯನ್ನು ಬಾಯಿಂದ ತೆಗೆದ. "ಗೋಡೆಗೆ ರಸಮಟ್ಟ ಸ್ವಾಮಿ, ಬಚ್ಚಲ ನೆಲಕ್ಕೆ ವಾಟ. ಏಳಡಿಗೆ ಒಂದೂವರೆ ಅಂಗ್ಲಾನಾದ್ರೂ ವಾಟ ಇರ್ಬೇಕು."

ಉಳಿ, ಸುತ್ತಿಗೆ ಹಿಡಿದು ಚಪ್ಪಡಿಗಳನ್ನೆಲ್ಲ ಎಬ್ಬಿಸುವುದಕ್ಕೆ ಎರಡು ಭಾನುವಾರ, ಮತ್ತೆ ಕೂಡಿಸುವುದಕ್ಕೆ ಮೂರು ಭಾನುವಾರ ಹಿಡಿದವು. ಅಷ್ಟರಲ್ಲಿ ವೈಶಾಖ ಬಂದಿತ್ತು.

ಮೇ ತಿಂಗಳ ಒಂದು ಶನಿವಾರ ರಾಯರ ತಾಯಿ ಕಾರಿನಿಂದ ಇಳಿದರು. ಆಕೆಯ ಮದುವೆಯಲ್ಲಿ ತವರಿನಿಂದ ಬಂದು, ಬಸವನಗುಡಿಯಲ್ಲಿ ಹಳೆಯ ವೃತ್ತಪತ್ರಿಕೆ ತುಂಬಿಕೊಂಡು ಕುಳಿತಿದ್ದ ತಾಮ್ರದ ಹಂಡೆಯೂ ಜೊತೆಯಲ್ಲಿ ಇಳಿಯಿತು. ಅದಕ್ಕೆಂದು ಒಲೆಯ ಬಾಯಿಯನ್ನು ಹೊರಕ್ಕೆ ಬಿಟ್ಟು ಕಟ್ಟಿದ್ದರು, ಒಳಗೆ ಹೊಗೆಯಿಲ್ಲ. ಆಕೆ ಬಚ್ಚಲಿನ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು. ಕಂಬಿಯ ಮೇಲೆ ಕೈಯಿಟ್ಟು, "ಇದೇನೋ ಬಸ್ಸಿನಲ್ಲಿರುವ ಹಾಗೆ?" ಎಂದರು. ಮೂಲೆ ವಾಲಿರುವುದನ್ನೂ ಹೇಳದೆ ಬಿಡಲಿಲ್ಲ.

ಸಂಜೆ ಜಗುಲಿಯ ಮೇಲೆ ಗೌಡತಿಯೂ ಬಂದು ಕುಳಿತಳು. ಇಬ್ಬರೂ ಸತ್ತವರ ಲೆಕ್ಕ ಮುಗಿಸಿ ಮೊಮ್ಮಕ್ಕಳ ಲೆಕ್ಕಕ್ಕೆ ಬಂದಿದ್ದರು. ಬಿಸಿಲು ಇನ್ನೂ ಸಾವನದುರ್ಗದ ನೆತ್ತಿಯನ್ನು ಬಿಟ್ಟಿರಲಿಲ್ಲ. ತಾಯಿ ಸೆರಗಿನಿಂದ ಕುತ್ತಿಗೆ ಒರಸಿಕೊಂಡು, ಒಳಕ್ಕೆ ತಿರುಗಿ, "ಒಂದು ಲೋಟ ನೀರು ಕೊಡಮ್ಮ," ಎಂದರು.

ಸೊಸೆ ಒಂದು ಕ್ಷಣ ಕೇಳಿಸದವರಂತೆ ನಿಂತು, ಆಮೇಲೆ ನೀರು ತಂದುಕೊಟ್ಟರು. ರಾಯರು ಹಳೆಯ ಅಭ್ಯಾಸದಿಂದ ಗಡಿಯಾರ ನೋಡಿದರು, ಐದೂಕಾಲು. ಆಕೆ ಲೋಟವನ್ನು ಕಚ್ಚದೆ, ಎತ್ತಿ, ಪೂರ್ತಿ ಕುಡಿದರು. ಇನ್ನೊಂದು ಲೋಟವನ್ನೂ ತರಿಸಿಕೊಂಡರು.

ಸ್ವಲ್ಪ ಹೊತ್ತಿನ ಮೇಲೆ ಮಂಡಿ ಹಿಡಿದು ಎದ್ದಾಗ ಗೌಡತಿಯೂ ತಟ್ಟನೆ ಎದ್ದು, "ನಾನೂ ಬತ್ತೀನಿ, ತಡೀರಿ ಅವ್ವ," ಎಂದಳು. "ಬೇಡ ಕಣೇ, ಕೂತುಕೋ," ಎಂದು ರಾಯರ ತಾಯಿ ಗೋಡೆ ಹಿಡಿದು ಒಬ್ಬರೇ ನಡೆದರು. ಬಾಗಿಲು ಮುಚ್ಚಿಕೊಂಡಿತು. ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿಸಿತು.